ಮಜ್ಜಿಗೆ ಕೊಡಿ, ಸುಳ್ಳು ಹೇಳಬೇಡಿ

ರಾತ್ರಿ ಮೆಹಂದಿಗೆ ಹೋಗಿ ಬಂದವರು ಬೆಳಿಗ್ಗೆ ಒಂಬತ್ತಾದರೂ ಎದ್ದಿಲ್ಲ. ಕೊನೆಗೂ ಎದ್ದರು ಅನ್ನಿ, ತಲೆ ಹಿಡಿದುಕೊಂಡು ಮಂಚದ ತುದಿಯಲ್ಲೇ ಕೂತಿದ್ದಾರೆ. 'ಆ ಕಿಟಕಿ ಮುಚ್ಚು ಮಾರಾಯ್ತಿ, ಬೆಳಕು ಕಣ್ಣಿಗೆ ಚುಚ್ಚುತ್ತದೆ' ಅಂತಾರೆ. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಬೈಗುಳ. ದೋಸೆಯ ವಾಸನೆ ಬಂದರೆ ವಾಕರಿಕೆ. ಇತ್ತ ಮಗುವನ್ನು ಡ್ರಾಯಿಂಗ್ ಕ್ಲಾಸಿಗೆ ಬಿಡಬೇಕು, ಅತ್ತ ಮದುವೆ ಮುಹೂರ್ತಕ್ಕೆ ಹೊರಡಬೇಕು. ಆಗ ನಿಮ್ಮ ಮನಸ್ಸಿಗೆ ಬರುವ ಮೊದಲ ಪ್ರಶ್ನೆ ಒಂದೇ, 'ಈಗ ಇವರಿಗೆ ಏನು ಕೊಡಲಿ?'

ತೊಕ್ಕೊಟ್ಟಿನ ಮನೆಗಳಿಗೆ ಈ ಪ್ರಶ್ನೆ ಹೊಸತಲ್ಲ. ನಮ್ಮ ಕರಾವಳಿಯಲ್ಲಿ ಮದುವೆಗಿಂತ ಮದುವೆಯ ಹಿಂದಿನ ರಾತ್ರಿಯೇ ಜೋರು. ಮೊದಲು ಹೆಣ್ಣುಮಕ್ಕಳು ಕೂತು ಕೈಗೆ ಮದರಂಗಿ ಹಚ್ಚಿಕೊಳ್ಳುತ್ತಿದ್ದ ರಾತ್ರಿ ಈಗ ಡಿಜೆ, ಶಾಮಿಯಾನ, ಹಿಂದುಗಡೆ ಗಂಡಸರ ಬೇರೆಯೇ ಮೇಜು ಎಂಬಲ್ಲಿಗೆ ಬಂದು ನಿಂತಿದೆ. ಕ್ರೈಸ್ತ ಮನೆಗಳ ರೋಸ್ ಕಾರ್ಯಕ್ರಮಕ್ಕೂ ಗ್ಲಾಸಿನ ಸದ್ದು ಹೊಸತಲ್ಲ. ಕುಡಿತವೇ ಇಲ್ಲದ ಮನೆಗಳೂ ನಮ್ಮ ನಡುವೆ ಸಾಕಷ್ಟು ಉಂಟು, ಅವರು ಪುಣ್ಯವಂತರು! ಉಳಿದವರ ಮನೆಗಳಲ್ಲಿ ಮರುದಿನದ ತಲೆನೋವು ಬರುವುದು ಕುಡಿದವರಿಗೆ ಮಾತ್ರ ಅಲ್ಲ, ಮನೆಯಾಕೆಗೂ.

ಹಾಗಾಗಿ ಈ ವಾರ ಎರಡು ಮಾತು ಹೇಳುತ್ತೇನೆ. ಒಂದು, ಹ್ಯಾಂಗೋವರ್ ಬಂದವರಿಗೆ ನಮ್ಮ ಅಡುಗೆಮನೆಯಲ್ಲೇ ಇರುವ ಯಾವ ವಸ್ತು ಹಿತ, ಯಾವುದು ಅಪಾಯ ಎಂಬುದು. ಎರಡನೆಯದು ನನ್ನ ಅಭಿಪ್ರಾಯ. ಗಂಜಿ, ಮಜ್ಜಿಗೆ ಕೊಡುವುದು ಮನುಷ್ಯತ್ವ, ಕೊಡಿ. ಆದರೆ ಅವರ ಪರವಾಗಿ ಆಫೀಸಿಗೆ ಫೋನ್ ಮಾಡಿ 'ಇವರಿಗೆ ಜ್ವರ' ಅನ್ನುವುದು ಆರೈಕೆಯಲ್ಲ. ಅದನ್ನು ಇವತ್ತೇ ನಿಲ್ಲಿಸಿ.

ತಲೆ ಸಿಡಿಯುವುದು ಯಾಕೆ?

ಕಾರಣ ಗೊತ್ತಿದ್ದರೆ ಮದ್ದು ಸುಲಭ. ಮದ್ಯ ಒಳಗೆ ಹೋದಾಗ, ಮೂತ್ರವನ್ನು ಹಿಡಿತದಲ್ಲಿಡುವ ಹಾರ್ಮೋನು ತನ್ನ ಕೆಲಸ ಕಡಿಮೆ ಮಾಡುತ್ತದೆ. ಕುಡಿದವರು ಮತ್ತೆ ಮತ್ತೆ ಬಾತ್‌ರೂಮಿಗೆ ಓಡುವುದು ಇದಕ್ಕೇ. ಮೈಯ ನೀರು ಇಳಿದಾಗ ಬಾಯಿ ಒಣಗುತ್ತದೆ, ತಲೆ ಭಾರವಾಗುತ್ತದೆ. ಜೊತೆಗೆ ವಾಂತಿಯೂ ಆದರೆ ನೀರಿನೊಂದಿಗೆ ಲವಣವೂ ಹೋಯಿತು.

ಎರಡನೆಯದು ಹೊಟ್ಟೆ. ಮದ್ಯ ಜಠರದ ಒಳಪದರವನ್ನು ಕೆರಳಿಸಿ ಆಮ್ಲ ಹೆಚ್ಚಿಸುತ್ತದೆ. ಉರಿ, ಹುಳಿತೇಗು, ಓಕರಿಕೆ ಬರುವುದು ಅದರಿಂದ. ಮೂರನೆಯದು ಸಕ್ಕರೆ. ನಮ್ಮ ಯಕೃತ್ತು ರಾತ್ರಿಯೆಲ್ಲ ಮದ್ಯವನ್ನು ಕರಗಿಸುವುದರಲ್ಲೇ ಮುಳುಗಿದ್ದರೆ, ರಕ್ತಕ್ಕೆ ಸಕ್ಕರೆ ಒದಗಿಸುವ ತನ್ನ ದಿನನಿತ್ಯದ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಏನೂ ತಿನ್ನದೆ ಕುಡಿದವರಿಗೆ ಬೆಳಿಗ್ಗೆ ಕೈಕಾಲು ಸೋಲುವುದು, ಬೆವರುವುದು ಇದರಿಂದಲೂ ಇರಬಹುದು. ನಾಲ್ಕನೆಯದು ನಿದ್ರೆ. ಕುಡಿದವರು ಗೊರಕೆ ಹೊಡೆದು ಮಲಗುತ್ತಾರೆ ನಿಜ, ಆದರೆ ಆ ನಿದ್ರೆ ತುಂಡು ತುಂಡು. ಎಂಟು ಗಂಟೆ ಮಲಗಿದರೂ ಸುಸ್ತು ಹೋಗುವುದಿಲ್ಲ.

ಇದರ ಜೊತೆಗೆ ಮದ್ಯ ಕರಗುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಿನ ಕಾಟ ಬೇರೆ. ವಿಸ್ಕಿ, ಬ್ರಾಂದಿ, ರಮ್‌ನಂಥ ಬಣ್ಣದ ಮದ್ಯಗಳಲ್ಲಿ ಹುದುಗುವಾಗ, ಪೀಪಾಯಿಯಲ್ಲಿ ಹಳತಾಗುವಾಗ ಸೇರುವ ಇತರ ವಸ್ತುಗಳೂ ಹೆಚ್ಚಿರುವುದರಿಂದ ಮರುದಿನದ ಕಷ್ಟ ಇನ್ನಷ್ಟು ಹೆಚ್ಚಬಹುದು.

ಈಗ ಒಂದು ನಿಷ್ಠುರ ಸತ್ಯ. ಹ್ಯಾಂಗೋವರ್ ಅನ್ನು 'ಇಳಿಸುವ' ಮದ್ದು ಇಲ್ಲ. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥ ಮದ್ದುಗಳ ಪರೀಕ್ಷೆಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ ವರದಿ ಬಂತು. ಯಾವುದೂ ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ ಅಂತ ಅದು ಹೇಳಿತು. 2022ರಲ್ಲಿ 'ಅಡಿಕ್ಷನ್' ಎಂಬ ಪತ್ರಿಕೆಯಲ್ಲಿ ಇನ್ನೊಂದು ವರದಿ ಬಂತು. ಲವಂಗದ ಸಾರ, ಜಿನ್ಸೆಂಗ್, ಕೊರಿಯಾದ ಪೇರ್ ಹಣ್ಣಿನ ರಸ ಅಂತ 21 ಪರೀಕ್ಷೆಗಳನ್ನು ನೋಡಿದರು. ಅಲ್ಲಿಯೂ ಅದೇ ಕತೆ, ನಂಬುವಷ್ಟು ಬಲವಾದ ಪುರಾವೆ ಸಿಗಲಿಲ್ಲ. ಹಾಗಾದರೆ ಮನೆಮದ್ದು ಯಾಕೆ? ಹೋದ ನೀರನ್ನು ತುಂಬಲು, ಹೊಟ್ಟೆಯನ್ನು ಸಮಾಧಾನ ಮಾಡಲು, ಸುಸ್ತು ಕಡಿಮೆ ಮಾಡಲು. ಉಳಿದದ್ದು ಹೊತ್ತು ಕಳೆದಂತೆ ತಾನಾಗಿ ಇಳಿಯುತ್ತದೆ, ಸಾಮಾನ್ಯವಾಗಿ ಒಂದು ದಿನದೊಳಗೆ.

ಅಡುಗೆಮನೆಯಲ್ಲೇ ಉಂಟು ಆರಾಮ

* ಮೊದಲು ನೀರು. ಎದ್ದ ಕೂಡಲೇ ಒಂದು ಚೊಂಬು ಗಟಗಟ ಕುಡಿಸಬೇಡಿ, ಹಾಗೇ ವಾಂತಿಯಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಸಾಕು. ಹೊಟ್ಟೆ ತಡೆದುಕೊಂಡರೆ ಹೆಚ್ಚಿಸಿ.

* ವಾಂತಿ ಆಗಿದ್ದರೆ ಓಆರ್‌ಎಸ್. ಮೆಡಿಕಲ್‌ನಲ್ಲಿ ಸಿಗುವ ಒಂದು ಲೀಟರಿನ ಪ್ಯಾಕೆಟನ್ನು ಪೂರಾ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಿ. ಅರ್ಧ ಲೋಟಕ್ಕೆ ಅಂದಾಜಿಗೆ ಸುರಿಯಬೇಡಿ. ಪ್ಯಾಕೆಟ್ ಇಲ್ಲವೇ? ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪಿನ ಅಳತೆ ಮೀರಬಾರದು. ಹಣ್ಣಿನ ರುಚಿಯ ಸಿಹಿ ಪೆಟ್ಟಿಗೆ ಪಾನೀಯಗಳನ್ನು ಓಆರ್‌ಎಸ್ ಅಂತ ಮೋಸ ಹೋಗಬೇಡಿ. ನಿಜವಾದ ಓಆರ್‌ಎಸ್ ಅಲ್ಲದ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದೆಂದು 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಮಾಡಿದೆ.

* ಬೊಂಡ. ನಮ್ಮೂರಿನಲ್ಲಿ ಇದಕ್ಕೇನು ಬರವೇ? ಎಳನೀರಿನಲ್ಲಿ ಪೊಟ್ಯಾಷಿಯಂ ಚೆನ್ನಾಗಿದೆ, ಹೊಟ್ಟೆಗೂ ತಂಪು. ಆದರೆ ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ.

* ಕುಚ್ಚಲಕ್ಕಿ ಗಂಜಿಯ ತೆಳಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಉಪಚಾರ ಇನ್ನೊಂದಿಲ್ಲ. ಗಂಜಿ ಬೆಂದ ಮೇಲೆ ಮೇಲಿನ ತೆಳಿ ಬಸಿದು, ಚಿಟಿಕೆ ಉಪ್ಪು ಹಾಕಿ, ಉಗುರು ಬೆಚ್ಚಗೆ ಕೊಡಿ. ನೀರು, ಉಪ್ಪು, ಹಿಟ್ಟಿನ ಅಂಶ ಮೂರೂ ಒಂದೇ ಲೋಟದಲ್ಲಿ. ಅದು ಹೊಟ್ಟೆಯಲ್ಲಿ ನಿಂತರೆ ಗಂಟೆ ಕಳೆದು ಮೆತ್ತಗಿನ ಗಂಜಿಯನ್ನೇ ಕೊಡಿ. ಜೊತೆಗೆ ಉಪ್ಪಿನಕಾಯಿಯ ಒಂದು ಚೂರು ಸಾಕು. ಒಣಮೀನಿನ ಖಾರ ಚಟ್ನಿ ಆ ದಿನ ಬೇಡ, ಎಷ್ಟೇ ಆಸೆಪಟ್ಟು ಕೇಳಿದರೂ!

* ನೀರು ಮಜ್ಜಿಗೆ. ಬೆಣ್ಣೆ ತೆಗೆದ ತೆಳು ಮಜ್ಜಿಗೆಗೆ ಉಪ್ಪು, ಜಜ್ಜಿದ ಶುಂಠಿ, ಎರಡು ಎಸಳು ಕರಿಬೇವು, ಚಿಟಿಕೆ ಇಂಗು. ಹಸಿಮೆಣಸು ಬೇಡ. ಬಿಪಿ ಇರುವವರಿಗೆ ಉಪ್ಪು ಕಡಿಮೆ ಮಾಡಿ.

* ಪುನರ್ಪುಳಿ ಶರಬತ್ತು. ಒಣಗಿಸಿಟ್ಟ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಬೆಲ್ಲ ಅಥವಾ ಸಕ್ಕರೆ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಸೇರಿಸಿ. ಬಾಯಿಗೆ ರುಚಿ ಬರುತ್ತದೆ, ನೀರೂ ಹೋಗುತ್ತದೆ. ಎದೆಯುರಿ ಇದ್ದವರಿಗೆ ಮಾತ್ರ ಹುಳಿ ಬೇಡ. ನಿಂಬೆ ಶರಬತ್ತಿಗೂ ಇದೇ ಮಾತು.

* ಶುಂಠಿ, ಜೀರಿಗೆ ಕಷಾಯ. ಓಕರಿಕೆಗೆ ಶುಂಠಿ ಹಿತವೆಂಬುದು ನಮ್ಮ ಅಜ್ಜಿಯರ ಕಾಲದ ನಂಬಿಕೆ. ಗರ್ಭಿಣಿಯರ ವಾಂತಿಗೆ ಶುಂಠಿ ಸ್ವಲ್ಪ ಸಹಾಯ ಮಾಡುತ್ತದೆಂದು ವೈದ್ಯಕೀಯ ಪರೀಕ್ಷೆಗಳಲ್ಲೂ ಕಂಡಿದೆ. ಅರ್ಧ ಇಂಚು ಶುಂಠಿ, ಒಂದು ಚಮಚ ಜೀರಿಗೆ, ಒಂದೂವರೆ ಲೋಟ ನೀರು ಕುದಿಸಿ ಒಂದು ಲೋಟಕ್ಕೆ ಇಳಿಸಿ. ತುಂಬಾ ಗಾಢ ಮಾಡಿದರೆ ಉರಿ ಹೆಚ್ಚುತ್ತದೆ.

* ಬಾಳೆಹಣ್ಣು, ಬ್ರೆಡ್, ಇಡ್ಲಿ. ಹೊಟ್ಟೆ ಸ್ವಲ್ಪ ಸರಿಯಾದ ಮೇಲೆ ಇಂಥ ಸಪ್ಪೆ ತಿಂಡಿ. ಇಳಿದ ಸಕ್ಕರೆ ಅಂಶ ಮೇಲೇರಲು ಸಹಾಯವಾಗುತ್ತದೆ. ಮಧ್ಯಾಹ್ನಕ್ಕೆ ಅನ್ನ, ತಿಳಿಸಾರು. ಎಣ್ಣೆಯಲ್ಲಿ ಕರಿದದ್ದು, ಮಸಾಲೆ ಹಾಕಿದ ಕೋಳಿ ಸಾರು ರಾತ್ರಿಗೂ ಬೇಡ.

* ಕೊನೆಗೆ ನಿದ್ರೆ. ಕಿಟಕಿಯ ಪರದೆ ಎಳೆದು ಎರಡು ಗಂಟೆ ಮಲಗಲು ಬಿಡಿ. ಇದಕ್ಕೆ ಖರ್ಚೂ ಇಲ್ಲ, ನಿಮಗೂ ಎರಡು ಗಂಟೆ ಶಾಂತಿ!

ಇವನ್ನು ಮಾತ್ರ ಮಾಡಬೇಡಿ

ಮನೆಮದ್ದಿನ ಹೆಸರಿನಲ್ಲಿ ನಡೆಯುವ ಕೆಲವು ಪ್ರಯೋಗಗಳನ್ನು ನೋಡಿದರೆ ಭಯವಾಗುತ್ತದೆ.

ಮೊದಲನೆಯದು, 'ಬೆಳಿಗ್ಗೆ ಒಂದು ಪೆಗ್ ಹಾಕಿದರೆ ತಲೆನೋವು ಹೋಗ್ತದೆ' ಎಂಬ ಗೆಳೆಯರ ಸಲಹೆ. ಹೋಗುವುದಿಲ್ಲ, ಮಧ್ಯಾಹ್ನಕ್ಕೆ ಮುಂದೂಡುತ್ತದೆ ಅಷ್ಟೇ. ಬೆಳಗಿನ ಆ ಒಂದು ಪೆಗ್ಗೇ ಎಷ್ಟೋ ಮನೆಗಳಲ್ಲಿ ಚಟದ ಮೊದಲ ಮೆಟ್ಟಿಲು.

ಎರಡನೆಯದು ತಲೆನೋವಿನ ಮಾತ್ರೆ. ನಮ್ಮ ಮನೆಗಳಲ್ಲಿ ಪ್ಯಾರಾಸಿಟಮಾಲ್ ಅಂದರೆ ಪೆಪ್ಪರ್‌ಮೆಂಟ್ ಇದ್ದ ಹಾಗೆ. ಆದರೆ ಮದ್ಯವೂ ಪ್ಯಾರಾಸಿಟಮಾಲೂ ಎರಡೂ ಯಕೃತ್ತಿನ ಮೇಲೆಯೇ ಭಾರ ಹಾಕುವಂಥವು. ಹೆಚ್ಚು ಕುಡಿಯುವವರಿಗೆ, ಊಟ ಬಿಟ್ಟವರಿಗೆ ಅಪಾಯ ಇನ್ನೂ ಹೆಚ್ಚು. ಆಸ್ಪಿರಿನ್, ಐಬುಪ್ರೊಫೆನ್ ಆದರೆ ಮೊದಲೇ ಕೆರಳಿದ ಜಠರದಲ್ಲಿ ರಕ್ತಸ್ರಾವಕ್ಕೆ ದಾರಿ. ನಿದ್ರೆ ಮಾತ್ರೆಯಂತೂ ಬೇಡವೇ ಬೇಡ. ಡಾಕ್ಟರು ಅಥವಾ ಫಾರ್ಮಸಿಸ್ಟ್ ಹತ್ತಿರ 'ನಿನ್ನೆ ಕುಡಿದಿದ್ದಾರೆ' ಅಂತ ಸ್ಪಷ್ಟವಾಗಿ ಹೇಳಿ ಕೇಳಿದ ಮೇಲೆಯೇ ಮಾತ್ರೆ.

ಮೂರನೆಯದು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು. ಬೆಳಗಾಗುವಾಗ ಮದ್ಯ ಹೊಟ್ಟೆಯಲ್ಲಿರುವುದಿಲ್ಲ, ರಕ್ತದಲ್ಲಿರುತ್ತದೆ. ವಾಂತಿ ಮಾಡಿಸಿದರೆ ಇನ್ನಷ್ಟು ನೀರು ಹೋಗುತ್ತದೆ. ಅಮಲಿನಲ್ಲಿದ್ದವರಿಗಾದರೆ ವಾಂತಿ ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೇ ಸಂಚಕಾರ. ತಣ್ಣೀರು ಸುರಿಯುವುದು, ಮುಖಕ್ಕೆ ಬಡಿಯುವುದು, ಹಿಡಿದುಕೊಂಡು ನಡೆಸುವುದು, ಯಾವುದರಿಂದಲೂ ಅಮಲು ಒಂದು ನಿಮಿಷ ಬೇಗ ಇಳಿಯುವುದಿಲ್ಲ.

ಇನ್ನು ಕಾಫಿ. ದಿನಾ ಕಾಫಿ ಕುಡಿಯುವವರಾದರೆ ಅರ್ಧ ಲೋಟ ಕೊಡಿ, ಇಲ್ಲದಿದ್ದರೆ ಕಾಫಿ ತಪ್ಪಿದ ತಲೆನೋವೂ ಸೇರಿಕೊಳ್ಳುತ್ತದೆ. ಆದರೆ ಸ್ಟ್ರಾಂಗ್ ಕಾಫಿ ಕುಡಿದರೆ ಅಮಲು ಇಳಿಯುತ್ತದೆ ಅನ್ನುವುದು ಸುಳ್ಳು. ನಿದ್ರೆ ಹೋಗಿ ಎಚ್ಚರವಾಗಿದೆ ಅಂತ ಅನಿಸುತ್ತದೆ, ರಕ್ತದಲ್ಲಿರುವ ಮದ್ಯ ಅಷ್ಟೇ ಇರುತ್ತದೆ.

ಸ್ಕೂಟರಿನ ಕೀ ಎಲ್ಲಿದೆ?

ಈ ಲೆಕ್ಕ ಪ್ರತಿ ಹೆಂಗಸಿಗೂ ಗೊತ್ತಿರಬೇಕು. 30 ಎಂಎಲ್‌ನ ಒಂದು ಪೆಗ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. 180 ಎಂಎಲ್‌ನ ಒಂದು ಕ್ವಾರ್ಟರಿನಲ್ಲಿ 60 ಗ್ರಾಂ. ನಮ್ಮ ಯಕೃತ್ತು ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ ಏಳೆಂಟು ಗ್ರಾಂ. ಅಂದರೆ ಒಂದು ಕ್ವಾರ್ಟರ್ ಪೂರಾ ಕರಗಲು ಎಂಟು ಗಂಟೆ ಬೇಕು! 'ನಾನು ಬರೀ ಬಿಯರ್ ಕುಡಿದದ್ದು' ಅನ್ನುವವರಿಗೂ ಲೆಕ್ಕ ಹೇಳಿ. ಶೇಕಡಾ 8ರ 650 ಎಂಎಲ್ ಸ್ಟ್ರಾಂಗ್ ಬಿಯರಿನಲ್ಲಿ 40 ಗ್ರಾಂ, ಅಂದರೆ ನಾಲ್ಕು ಪೆಗ್. ಎರಡು ಬಾಟಲಿ ಆದರೆ ಎಂಟು ಪೆಗ್.

ರಾತ್ರಿ ಹತ್ತೂವರೆಗೆ ಶುರು ಮಾಡಿ ಅಂಥ ಎರಡು ಬಾಟಲಿ ಮುಗಿಸಿದವರ ಮೈಯಲ್ಲಿ ಬೆಳಿಗ್ಗೆ ಎಂಟಕ್ಕೂ ಮದ್ಯ ಉಳಿದಿರಬಹುದು. ಅದೇ ಹೊತ್ತಿಗೆ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಹೊರಡುತ್ತಾರೆ. ತೊಕ್ಕೊಟ್ಟು ಜಂಕ್ಷನ್ ದಾಟಿ, ನೇತ್ರಾವತಿ ಸೇತುವೆಯ ಮೇಲೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಕೇರಳದಿಂದ ಬರುವ ಲಾರಿ, ಬಸ್ಸುಗಳ ನಡುವೆ! ಕಾನೂನಿನ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ ಮೀರಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದಂಡದ ಮಾತು ಬಿಡಿ. ಮದ್ಯ ಪೂರ್ತಿ ಇಳಿದ ಮೇಲೂ ಹ್ಯಾಂಗೋವರ್ ಇದ್ದಾಗ ಗಮನ, ಕೈಕಾಲಿನ ಚುರುಕು ಕಡಿಮೆಯೇ. ಹಾಗಾಗಿ ಅಂಥ ಬೆಳಿಗ್ಗೆ ಕೀ ಎತ್ತಿಡಿ. ರಿಕ್ಷಾ ಕರೆಯಿರಿ, ನೀವೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಒಂದು ದಿನ ಶಾಲೆ ತಪ್ಪಿದರೂ ಚಿಂತೆಯಿಲ್ಲ. 'ನನಗೇನೂ ಆಗಿಲ್ಲ' ಎಂಬ ಮಾತು ಇಲ್ಲಿ ಲೆಕ್ಕಕ್ಕಿಲ್ಲ.

ಇದು ಮಜ್ಜಿಗೆಯ ಕೇಸ್ ಅಲ್ಲ!

ರಾತ್ರಿ ಕುಡಿದು ಬಂದು ಬಿದ್ದವರನ್ನು 'ಮಲಗಲಿ, ಬೆಳಿಗ್ಗೆ ಸರಿಯಾಗ್ತಾರೆ' ಅಂತ ಬಿಡುವ ಮೊದಲು ಒಂದು ನಿಮಿಷ ಪರೀಕ್ಷಿಸಿ. ಈ ಕೆಳಗಿನ ಒಂದು ಲಕ್ಷಣ ಕಂಡರೂ 108ಕ್ಕೆ ಫೋನ್ ಮಾಡಿ:

* ಕೂಗಿದರೂ, ಚಿವುಟಿದರೂ ಎಚ್ಚರವಾಗದಿರುವುದು
* ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ, ಅಥವಾ ಎರಡು ಉಸಿರಿನ ನಡುವೆ ಹತ್ತು ಸೆಕೆಂಡ್ ಅಂತರ
* ತುಟಿ, ಉಗುರು ನೀಲಿಯಾಗುವುದು, ಮೈ ತಣ್ಣಗಾಗುವುದು
* ಫಿಟ್ಸ್
* ನಿಲ್ಲದ ವಾಂತಿ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಗಸಿಯಂಥದ್ದು, ಕಪ್ಪು ಮಲ
* ಬಿದ್ದು ತಲೆಗೆ ಪೆಟ್ಟಾಗಿರುವುದು, ಆಮೇಲೆ ಮಂಪರು
* ಎದೆನೋವು, ಅಥವಾ ಸಹಿಸಲಾಗದ ಹೊಟ್ಟೆನೋವು

ಆಂಬ್ಯುಲೆನ್ಸ್ ಬರುವ ತನಕ ಅವರನ್ನು ಬೆನ್ನ ಮೇಲೆ ಮಲಗಿಸಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಕಾಲನ್ನು ಮಡಚಿ, ಬಾಯಿ ಸ್ವಲ್ಪ ಕೆಳಮುಖವಾಗಿರಲಿ. ವಾಂತಿಯಾದರೂ ಹೊರಗೆ ಹೋಗುತ್ತದೆ. ಬಾಯಿಗೆ ಏನನ್ನೂ ಹಾಕಬೇಡಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯದಲ್ಲಿ ಇನ್ನೂ ಜಾಗ್ರತೆ. ಸಕ್ಕರೆ ಅಂಶ ಇಳಿದರೂ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಬೆವರುತ್ತದೆ. ನೋಡಿದವರು 'ಇನ್ನೂ ಇಳಿದಿಲ್ಲ' ಅಂತ ಸುಮ್ಮನಾಗುತ್ತಾರೆ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ತಕ್ಷಣ ನೋಡಿ. ಎಚ್ಚರವಿದ್ದು ನುಂಗಲು ಬರುತ್ತದೆ ಎಂದಾದರೆ ಸಕ್ಕರೆ ನೀರು ಕೊಡಿ, ಇಲ್ಲದಿದ್ದರೆ ನೇರ ಆಸ್ಪತ್ರೆ.

ಎಲ್ಲಿಯದೋ ಕಳ್ಳಭಟ್ಟಿ, ಲೇಬಲ್ ಇಲ್ಲದ ಬಾಟಲಿ ಕುಡಿದು ಮರುದಿನ 'ಕಣ್ಣು ಮಂಜು ಮಂಜಾಗ್ತದೆ' ಅಂದರೆ ಒಂದು ಗಳಿಗೆಯೂ ತಡ ಬೇಡ. ಅದು ಮೆಥನಾಲ್ ವಿಷ ಇರಬಹುದು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು ಸುತ್ತಮುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಇದಕ್ಕೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಇದೆ, ಗಂಜಿಯಲ್ಲಿ ಇಲ್ಲ.

ದಿನಾ ಬೆಳಿಗ್ಗೆ ಕೈ ನಡುಗುತ್ತದೆಯೇ?

ಹ್ಯಾಂಗೋವರ್ ಅಂದರೆ ಅಪರೂಪಕ್ಕೆ ಅತಿಯಾದದ್ದರ ಫಲ. ಆದರೆ ಪ್ರತಿ ಬೆಳಿಗ್ಗೆ ಕೈ ನಡುಗುವುದು, ಬೆವರುವುದು, ಚಡಪಡಿಕೆ, ಒಂದು ಪೆಗ್ ಬಿದ್ದ ಕೂಡಲೇ ಎಲ್ಲ ಸರಿಯಾಗುವುದು ಕಂಡರೆ ಅದು ಹ್ಯಾಂಗೋವರ್ ಅಲ್ಲ ಕಣ್ರೀ. ಮದ್ಯ ಸಿಗದಾಗ ಮೈ ಮಾಡುವ ಗಲಾಟೆ. ಇಂಥವರನ್ನು ದೇವರ ಮುಂದೆ ಆಣೆ ಹಾಕಿಸಿ, ಕೋಣೆಯಲ್ಲಿ ಕೂಡಿಹಾಕಿ, ಒಮ್ಮೆಲೇ ಬಿಡಿಸಲು ಹೋಗಬೇಡಿ. ಕೊನೆಯ ಪೆಗ್ ಕಳೆದು ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣುವುದು, ಕೇಳುವುದು, ಗುರುತು ತಪ್ಪುವುದು ಶುರುವಾಗಬಹುದು. ಅದು ಪ್ರೇತಬಾಧೆಯಲ್ಲ, ಪ್ರಾಣಕ್ಕೆ ಎರವಾಗುವ ವೈದ್ಯಕೀಯ ತುರ್ತು. ಡಾಕ್ಟರ ಮೇಲ್ವಿಚಾರಣೆಯಲ್ಲಿ ಬಿಡಿಸಿದರೆ ಇದನ್ನೆಲ್ಲ ತಡೆಯಬಹುದು.

ಗುಟ್ಟಾಗಿ ಪುಡಿ ಬೆರೆಸಬೇಡಿ

'ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ, ಊಟದಲ್ಲಿ ಬೆರೆಸಿ' ಎಂಬ ಜಾಹೀರಾತು ನೀವೂ ನೋಡಿರುತ್ತೀರಿ. ಬೇಸತ್ತ ಹೆಂಗಸು ಅದಕ್ಕೆ ಕೈಚಾಚುವುದು ನನಗೆ ಅರ್ಥವಾಗುತ್ತದೆ. ಆದರೆ ಆ ಪುಡಿಯಲ್ಲಿ ಏನಿದೆ ಎಂದು ನಿಮಗೆ ಗೊತ್ತಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯೊಂದಿದೆ. ಅದು ಮೈಯಲ್ಲಿದ್ದಾಗ ಕುಡಿದರೆ ಅಸಿಟಾಲ್ಡಿಹೈಡ್ ಕರಗದೆ ಶೇಖರವಾಗುತ್ತದೆ. ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ಡಾಕ್ಟರು ಇದನ್ನು ಕೊಡುವುದು ರೋಗಿಗೆ ಎಲ್ಲವನ್ನೂ ತಿಳಿಸಿ, ಒಪ್ಪಿಗೆ ಪಡೆದು, ಪರೀಕ್ಷೆ ಮಾಡಿಸಿದ ಮೇಲೆ. ಸಾಂಬಾರಿನಲ್ಲಿ ಕದ್ದು ಹಾಕುವ ವಸ್ತು ಅದಲ್ಲ. ಏನಾದರೂ ಆದರೆ ಹೊಣೆ ನಿಮ್ಮ ತಲೆಗೇ ಬರುತ್ತದೆ.

ಆರೈಕೆ ಬೇರೆ, ಮುಚ್ಚಿಡುವುದು ಬೇರೆ

ಈಗ ನನ್ನ ಎರಡನೇ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಹೆಂಗಸರಿಗೆ ಕಲಿಸಿದ್ದೇ ಹೀಗೆ, ಮನೆಯ ಮಾತು ಹೊರಗೆ ಹೋಗಬಾರದು. ಹಾಗಾಗಿ ಅವರು ಕುಡಿದರೆ ಸುಳ್ಳು ಹೇಳುವುದು ನಾವು. ಆಫೀಸಿಗೆ 'ವೈರಲ್ ಫೀವರ್'. ಅತ್ತೆಗೆ 'ನೈಟ್ ಶಿಫ್ಟ್ ಆಗಿ ಸುಸ್ತು'. ಮಕ್ಕಳಿಗೆ 'ಪಪ್ಪನಿಗೆ ಹೊಟ್ಟೆ ಸರಿಯಿಲ್ಲ'. ವಾಂತಿ ಒರೆಸಿದವರು ನಾವು, ಚಾದರ ಒಗೆದವರು ನಾವು, ಕೊನೆಗೆ ಮುಖ ಸಪ್ಪೆ ಮಾಡಿಕೊಂಡು ಮದುವೆ ಮಂಟಪದಲ್ಲಿ 'ಅವರು ಆಮೇಲೆ ಬರ್ತಾರೆ' ಅಂದವರೂ ನಾವೇ.

ಇದರಿಂದ ಏನಾಗುತ್ತದೆ ಯೋಚಿಸಿ. ಕುಡಿದವರಿಗೆ ತಲೆನೋವೊಂದು ಬಿಟ್ಟರೆ ಬೇರೆ ಯಾವ ಬಿಸಿಯೂ ತಟ್ಟುವುದಿಲ್ಲ. ಆ ತಲೆನೋವಿಗೂ ನಿಮ್ಮ ಮಜ್ಜಿಗೆ ಸಿದ್ಧ! ಮುಂದಿನ ಶನಿವಾರ ಮತ್ತೆ ಗ್ಲಾಸ್ ಎತ್ತಲು ಅಡ್ಡಿಯೇನು? ಮಕ್ಕಳಂತೂ ದಡ್ಡರಲ್ಲ. ಪಪ್ಪನಿಗೆ ಏನಾಗಿದೆ ಎಂದು ಅವರಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಅವರು ಕಲಿಯುವುದು ಅಮ್ಮ ಸುಳ್ಳು ಹೇಳುತ್ತಾಳೆ ಎಂಬುದನ್ನು, ಇಂಥದ್ದನ್ನು ಬಾಯಿಬಿಟ್ಟು ಹೇಳಬಾರದು ಎಂಬುದನ್ನು.

'ಹೇಳುವುದು ಸುಲಭ, ಕೆಲಸ ಹೋದರೆ ಮನೆ ನಡೆಯುವುದು ಹೇಗೆ?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೀವು ಆಫೀಸಿಗೆ ಫೋನ್ ಮಾಡಿ ಚಾಡಿ ಹೇಳಬೇಕೆಂದು ನಾನು ಹೇಳುತ್ತಿಲ್ಲ. ಫೋನನ್ನು ಅವರ ಕೈಗೇ ಕೊಡಿ. 'ರಜೆ ಬೇಕಾದರೆ ನೀವೇ ಕೇಳಿ' ಅನ್ನಿ. ವಾಂತಿಯಾದ ಚಾದರವನ್ನು ಮೈ ಸರಿಯಾದ ಮೇಲೆ ಅವರೇ ನೆನೆಹಾಕಲಿ. ಗಂಜಿ ಕೊಟ್ಟ ಲೋಟವನ್ನೂ ಅವರೇ ತೊಳೆಯಲಿ. ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ನಿಜ ಹೇಳಿ: 'ಪಪ್ಪ ನಿನ್ನೆ ಕುಡಿದರು, ಅದಕ್ಕೆ ಆರೋಗ್ಯ ಸರಿಯಿಲ್ಲ. ಅದು ನಿನ್ನಿಂದಾದದ್ದಲ್ಲ.' ಇಷ್ಟು ಸಾಕು.

ಮಾತಾಡುವುದಕ್ಕೂ ಹೊತ್ತು ಗೊತ್ತು ಉಂಟು. ಅಮಲಿನಲ್ಲಿದ್ದಾಗ ಜಗಳ ಬೇಡ, ತಲೆ ಸಿಡಿಯುವಾಗ ಉಪದೇಶವೂ ಬೇಡ. ಸಂಜೆ, ಸ್ನಾನ ಮುಗಿಸಿ, ಚಾ ಕುಡಿಯುತ್ತಾ ಕೂತಾಗ ಹೇಳಿ. 'ನೀವು ಕುಡುಕರು' ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. 'ನಿನ್ನೆ ರಾತ್ರಿ ಎರಡು ಗಂಟೆವರೆಗೆ ನನಗೆ ನಿದ್ರೆ ಬರಲಿಲ್ಲ, ಹೆದರಿಕೆಯಾಯಿತು. ಬೆಳಿಗ್ಗೆ ಮಗುವಿನ ಕ್ಲಾಸ್ ತಪ್ಪಿತು' ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿ. ಕೈ ಎತ್ತುವ ಸ್ವಭಾವದವರಾದರೆ ಈ ಸಲಹೆ ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ನಿಮ್ಮ, ಮಕ್ಕಳ ಸುರಕ್ಷತೆಯೇ ಮೊದಲು. ಮಹಿಳಾ ಸಹಾಯವಾಣಿ 181, ತುರ್ತಿಗೆ 112 ನೆನಪಿರಲಿ.

ಕುಡಿಯುವುದು ಗಂಡಂದಿರು ಮಾತ್ರ ಅಂತಲೂ ಅಲ್ಲ. ಗಲ್ಫಿನಿಂದ ರಜೆಯಲ್ಲಿ ಬಂದ ತಮ್ಮ ಇರಬಹುದು, ಕಾಲೇಜಿಗೆ ಹೋಗುವ ಮಗ ಇರಬಹುದು, ಪಾರ್ಟಿಯಲ್ಲಿ ಗೆಳತಿಯರ ಒತ್ತಾಯಕ್ಕೆ ವೈನ್ ಕುಡಿದ ನೀವೇ ಇರಬಹುದು. ನಾಚಿಕೆ ಬೇಡ, ಆದರೆ ತಿಳಿದಿರಲಿ. ಹೆಂಗಸರ ಮೈಯಲ್ಲಿ ನೀರಿನ ಪ್ರಮಾಣ ಕಡಿಮೆ. ಅಷ್ಟೇ ಕುಡಿದರೂ ರಕ್ತದಲ್ಲಿ ಮದ್ಯದ ಪ್ರಮಾಣ ಗಂಡಸರಿಗಿಂತ ಹೆಚ್ಚಾಗುತ್ತದೆ. ಗರ್ಭಿಣಿಯರಿಗಂತೂ ಒಂದು ಗುಟುಕೂ ಸಲ್ಲ.

ಸಹಾಯ ದೂರವಿಲ್ಲ

ತೊಕ್ಕೊಟ್ಟಿನವರಿಗೆ ಒಂದು ಅನುಕೂಲ ಉಂಟು. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಆಸ್ಪತ್ರೆ, ಯೇನೆಪೊಯ ಆಸ್ಪತ್ರೆ ಎರಡೂ ಹತ್ತಿರದಲ್ಲೇ ಇವೆ. ಸೇತುವೆ ದಾಟಿದರೆ ಕಂಕನಾಡಿಯ ಫಾದರ್ ಮುಲ್ಲರ್, ಸರ್ಕಾರಿ ವೆನ್ಲಾಕ್. ಚಟ ಬಿಡಿಸುವ ಚಿಕಿತ್ಸೆ ಮನೋವೈದ್ಯಕೀಯ ವಿಭಾಗದಲ್ಲಿ ಸಿಗುತ್ತದೆ. 'ಹುಚ್ಚರ ಡಾಕ್ಟರು' ಅಂತ ಹಿಂಜರಿಯಬೇಡಿ. ಆಸ್ಪತ್ರೆಗೆ ಬರಲು ಅವರು ಒಪ್ಪದಿದ್ದರೆ ಮೊದಲು ನೀವೊಬ್ಬರೇ ಹೋಗಿ ಮಾತಾಡಿ ಬರಬಹುದು. ಮನೆಯಿಂದಲೇ ಕೇಳಬೇಕೆಂದರೆ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಎರಡಕ್ಕೂ ದುಡ್ಡಿಲ್ಲ.

ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳ ಹೆಸರು ನೀವು ಕೇಳಿರುತ್ತೀರಿ. ಅಲ್ಲಿಂದ ಬಂದವರು ಮತ್ತೆ ಜಾರದಂತೆ ನವಜೀವನ ಸಮಿತಿಗಳೂ ಇವೆ. ಮಂಗಳೂರಿನಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳು ನಡೆಯುತ್ತವೆ. ಅಲ್ಲಿ ಹೆಸರೂ ಕೇಳುವುದಿಲ್ಲ, ಶುಲ್ಕವೂ ಇಲ್ಲ. ದಿನಾ ಕುಡಿದು ಕೈ ನಡುಗುವ ಮಟ್ಟದವರಾದರೆ ಮೊದಲು ಡಾಕ್ಟರನ್ನು ಕಂಡು, ಆಮೇಲೆ ಶಿಬಿರ.

ಮುಂದಿನ ಮೆಹಂದಿಗೆ ಮೊದಲು

ಹ್ಯಾಂಗೋವರಿಗೆ ಖಂಡಿತ ಕೆಲಸ ಮಾಡುವ ಮದ್ದು ಒಂದೇ, ಹಿಂದಿನ ರಾತ್ರಿ ಕುಡಿಯದಿರುವುದು ಅಥವಾ ಕಡಿಮೆ ಕುಡಿಯುವುದು. ಆರೋಗ್ಯಕ್ಕೆ ಸುರಕ್ಷಿತವೆನ್ನುವ ಕುಡಿತದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ಕುಡಿದೇ ಕುಡಿಯುತ್ತೇನೆ ಅನ್ನುವವರಿಗೆ ಹೊರಡುವ ಮೊದಲೇ ಹೊಟ್ಟೆ ತುಂಬಾ ಊಟ ಹಾಕಿ. ಖಾಲಿ ಹೊಟ್ಟೆಗೆ ಮದ್ಯ ಬೇಗ ಏರುತ್ತದೆ. ಒಂದು ಗ್ಲಾಸಿನ ನಂತರ ಒಂದು ಲೋಟ ನೀರು. ಗಂಟೆಗೆ ಒಂದು ಪೆಗ್ ಮೀರಬಾರದು, ಎರಡಕ್ಕೆ ನಿಲ್ಲಿಸಬೇಕು. ಕಾರಿನ ಕೀ ಮನೆಯಲ್ಲೇ ಇರಲಿ, ವಾಪಸು ಬರುವ ರಿಕ್ಷಾ ಮೊದಲೇ ಗೊತ್ತುಮಾಡಿ.

ನಿಮ್ಮದೇ ಮನೆಯ ಮದುವೆಯಾದರೆ ಇನ್ನೂ ಒಂದು ಕೆಲಸ ಮಾಡಬಹುದು. ಮೆಹಂದಿಯ ಖರ್ಚಿನ ಪಟ್ಟಿ ಬರೆಯುವಾಗ ನೀವೂ ಕೂತುಕೊಳ್ಳಿ. ಹಿಂದುಗಡೆಯ ಆ ಮೇಜಿಗೆ ಎಷ್ಟು ಸಾವಿರ ಹೋಗುತ್ತದೆ ಎಂದು ಕೇಳಿ. ಸಾಲ ಮಾಡಿ ಮದುವೆ ಮಾಡುವ ಮನೆಗಳೂ ಆ ಮೇಜಿಗೆ ಕಡಿಮೆ ಮಾಡುವುದಿಲ್ಲ, 'ಜನ ಏನಂದಾರು' ಎಂಬ ಹೆದರಿಕೆ. ಆ ದುಡ್ಡಿನಲ್ಲಿ ಪುನರ್ಪುಳಿ ಶರಬತ್ತು, ಬೊಂಡ, ಒಳ್ಳೆಯ ಊಟ ಇಟ್ಟರೆ ಬಂದವರು ಹಸಿದು ಹೋಗುವುದಿಲ್ಲ. ಮೊದಲು ಯಾರಾದರೊಬ್ಬರು ಬೇಡ ಅನ್ನಬೇಕು. ಒಂದು ಮನೆಯಲ್ಲಿ ಹಾಗೆ ನಡೆದರೆ ಮುಂದಿನ ಮನೆಯವರಿಗೂ ಬೇಡ ಅನ್ನಲು ಧೈರ್ಯ ಬರುತ್ತದೆ.